ಎಡಗಡೆಯ ತೇಪೆ

ಫೆಬ್ರವರಿ 11, ಭಾನುವಾರ

ತಮ್ಮಾ,

ಇಲ್ಲಿ ಎಲ್ಲ ಕ್ಷೇಮ ಎಂದು ಶುರು ಮಾಡಬೇಕು, ಗೊತ್ತು. ಆದರೆ ಸುಳ್ಳಿನಿಂದ ಕಾಗದ ಶುರು ಮಾಡುವ ಅಭ್ಯಾಸ ನನಗಿಲ್ಲ. ನೆತ್ತಿಯ ಮೇಲೆ ಬೆಣ್ಣೆ ಇಟ್ಟರೆ ತುಪ್ಪವಾಗುವಷ್ಟು ಸಿಟ್ಟು ಬಂದಿದೆ. ಬೆಳಿಗ್ಗೆಯಿಂದ ಮೂರು ಸಲ ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲವೂ ದಾರ ತೂತಿನ ಪಕ್ಕಕ್ಕೆ ಹೋಯಿತು. ನಲವತ್ತೊಂದು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ ಸೂಜಿಯ ಕಣ್ಣು ತಪ್ಪಬೇಕಾದರೆ ಏನಾಗಿರಬೇಕು, ನೀನೇ ಯೋಚಿಸು.

ಫೋನು ಮಾಡಬಹುದಿತ್ತು. ಆದರೆ ನಿನ್ನ ಕಿವಿಯನ್ನು ರಿವೆಟ್ ಸುತ್ತಿಗೆ ತಿಂದು ಎಷ್ಟೋ ಕಾಲವಾಯಿತು. ನಾನು ಕೂಗಿ ಹೇಳಿದರೆ ನಿನ್ನನ್ನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಕೇಳುತ್ತದೆ. ಅದಕ್ಕೇ ಕಾಗದ.

ನಿನ್ನೆ ನಮ್ಮ ಮಾದರಿ ವಿಮಾನಗಳ ಸಂಘದ ಪ್ರದರ್ಶನವಿತ್ತು. ನೀನು ಶೆಡ್ಡಿನಲ್ಲಿ ದುರಸ್ತಿ ಮಾಡಿದ್ದ ಆ ಸರಕು ವಿಮಾನದ ಮಾದರಿಯನ್ನು ತೆಗೆದುಕೊಂಡು ಹೋಗಿದ್ದೆ. ಹದಿನಾಲ್ಕು ತಿಂಗಳು ಮೈಮುರಿದು ಕಟ್ಟಿದ್ದು. ನಲವತ್ತೆಂಟರಲ್ಲಿ ಒಂದು ಪಾಲು ಅಳತೆ. ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಇಟ್ಟರೆ ಇನ್ನೂ ಒಂದಿಷ್ಟು ಹೊರಗುಳಿಯುವಷ್ಟು ಉದ್ದ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಭಾಗಗಳನ್ನು ಹಾಗೇ ಅಂಟಿಸಿದ್ದರೆ ಹದಿನೈದು ದಿನದ ಕೆಲಸ. ಆದರೆ ಪೆಟ್ಟಿಗೆಯದು ನುಣ್ಣನೆಯ ಬೊಂಬೆ. ನಾನು ಅದರ ಮೈಮೇಲೆಲ್ಲ ತಗಡು ಬಿಗಿಯುವ ರಿವೆಟ್ ಮೊಳೆಗಳ ಗುರುತನ್ನು ಒಂದೊಂದೇ ಸಾಲಾಗಿ ಒತ್ತಿದೆ. ನನ್ನ ಅಂಗಡಿಯ ಹಲ್ಲುಚಕ್ರ, ಬಟ್ಟೆಯ ಮೇಲೆ ಗುರುತು ಉರುಳಿಸುತ್ತಿದ್ದೆನಲ್ಲ, ಅದರ ಹಲ್ಲು ಇದಕ್ಕೆ ದಪ್ಪವಾಯಿತು. ಗಡಿಯಾರ ರಿಪೇರಿಯವನ ಹತ್ತಿರ ಕೆಟ್ಟ ಗಡಿಯಾರದ ಚಕ್ರ ಬೇಡಿ ತಂದು ಕಡ್ಡಿಗೆ ಸಿಕ್ಕಿಸಿಕೊಂಡೆ. ಬಣ್ಣ ಕೆರೆದ ಬರೀ ತಗಡಿನ ಮೈ ಬರಬೇಕೆಂದು ಬೆಳ್ಳಿ ಬಣ್ಣವನ್ನು ಒಂದೊಂದು ಹಾಳೆಗೆ ಒಂದೊಂದು ಹದದಲ್ಲಿ ಬಳಿದೆ. ಕೊನೆಗೆ, ಬಾಲದ ಹತ್ತಿರ, ಎಡಗಡೆ, ನಿನ್ನ ತೇಪೆ.

ಆ ತೇಪೆಗೇ ಒಂಬತ್ತು ದಿನ ಹಿಡಿಯಿತು. ಮಾತ್ರೆ ಪಟ್ಟಿಯ ಹಿಂದಿನ ತೆಳು ತಗಡನ್ನು ಕತ್ತರಿಸಿ, ಹಿಂಬದಿಯಿಂದ ಸೂಜಿ ಮೊನೆಯಲ್ಲಿ ಒತ್ತಿ, ಮುಂದೆ ಉಬ್ಬಿದ ರಿವೆಟ್ ತಲೆಗಳು ಕಾಣುವ ಹಾಗೆ ಮಾಡಿದೆ. ನೀನು ಬರೆದಂತೆ ಮೇಲೆ ಹನ್ನೆರಡು, ಕೆಳಗೆ ಹನ್ನೆರಡು, ಬದಿಗಳಿಗೆ ಎಂಟೆಂಟು. ಎಲ್ಲ ಸೇರಿ ಒಂದು ಶರ್ಟಿನ ಗುಂಡಿಗಿಂತ ಚಿಕ್ಕದು. ಅಷ್ಟರಲ್ಲಿ ನಿನ್ನ ಇಪ್ಪತ್ತಾರನೆಯ ವಯಸ್ಸಿನ ಮೂರು ದಿನದ ಕೆಲಸ.

ತೀರ್ಪುಗಾರರು ಮೂರು ಜನ. ಇಬ್ಬರು ತಲೆಯಾಡಿಸುವವರು. ಮೂರನೆಯವರು ಹಳೆಯ ವಿಮಾನಗಳ ಬಗ್ಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಬರೆದ ಮಹಾಶಯರು. ಯಾವಾಗಲೂ ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡಿರುತ್ತಾರೆ, ನಾನು ಅವರಿಗೆ ಇಟ್ಟ ಹೆಸರೂ ಅದೇ. ಭೂತಗನ್ನಡಿ ಬಾಗಿ ನೋಡಿದರು. ಸೊಂಟ ನೆಟ್ಟಗೆ ಮಾಡಿ ನಕ್ಕರು.

"ಟೈಲರಮ್ಮ, ಕೈಗೆಲಸ ಬಹಳ ಚೆನ್ನಾಗಿದೆ. ಆದ್ರೆ ತೇಪೆ ತಪ್ಪು ಕಡೆ ಬಂದಿದೆಯಲ್ಲ."

"ತಪ್ಪಿಲ್ಲ ಸರ್. ಎಡಗಡೆನೇ. ಪೈಲಟ್ ಕೂತಾಗ ಅವನ ಎಡಗೈ ಕಡೆ. ಹಾಕಿದವನೇ ಹೇಳಿದ್ದು. ನನ್ನ ತಮ್ಮ."

"ತಮ್ಮ ಅಂದ್ರೆ… ಎಂಜಿನಿಯರಾ?"

"ಮೆಕ್ಯಾನಿಕ್."

"ಓಹೋ," ಅಂದರು. ಆ 'ಓಹೋ' ಇದೆಯಲ್ಲ, ಅದನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ. ತಮ್ಮ ಪುಸ್ತಕ ತೆಗೆದು ಚಿತ್ರವೊಂದನ್ನು ದೂರದಿಂದ ತೋರಿಸಿ ಪಟ್ಟನೆ ಮುಚ್ಚಿದರು. "ಫೋಟೋ ಇದೆ ತಾಯಿ. ಬಲಗಡೆ. ಮನುಷ್ಯ ಮರೀತಾನೆ, ಫೋಟೋ ಮರೆಯಲ್ಲ."

ಆಮೇಲೆ ನನ್ನ ವಿಮಾನವನ್ನು ಎತ್ತಿಕೊಂಡು ಹೋಗಿ ಎಲ್ಲಿಟ್ಟರು ಗೊತ್ತೇನು? ಮೂಲೆಯ ಮೇಜಿನ ಮೇಲೆ. ಒಂದು ಕಡೆ ಬೆಕ್ಕಿನ ಕಿವಿ ಇರುವ ಗುಲಾಬಿ ವಿಮಾನ, ಇನ್ನೊಂದು ಕಡೆ ಹಲ್ಲು ಕಿರಿಯುವ ಆರು ರೆಕ್ಕೆಯದು. ಮುಂದೆ ಬೋರ್ಡು: 'ಕಾಲ್ಪನಿಕ ಮಾದರಿಗಳು'.

ನಿನ್ನ ಮೂರು ದಿನದ ಕೆಲಸ ಕಲ್ಪನೆಯಂತೆ! ನೀನು ಅಲ್ಯೂಮಿನಿಯಂ ಚೂರು ಕಣ್ಣಿಗೆ ಹೊಕ್ಕಿಸಿಕೊಂಡು ಮನೆಗೆ ಬಂದದ್ದು, ನಾನು ಅರಿವೆಯ ತುದಿಯಿಂದ ತೆಗೆದದ್ದು, ಅದೂ ಕಲ್ಪನೆ ಇರಬೇಕು.

ಒಂದು ಉಪಕಾರ ಮಾಡು. ತೇಪೆ ಹಾಕಿದ್ದು ನಾನೇ, ಎಡಗಡೆಯೇ ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿ ಕಳಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕಾ,

ನಿನ್ನ ಕಾಗದ ಬಂತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚಳಿ ಕಡಿಮೆಯಾಗಿದೆ.

ಆ ವಿಷಯ ಬಿಟ್ಟುಬಿಡು. ಅವರು ಪುಸ್ತಕ ಬರೆದವರು, ನೋಡದೆ ಬರೆದಿರುವುದಿಲ್ಲ. ಫೋಟೋ ಬೇರೆ ಇದೆ ಅನ್ನುತ್ತೀಯ. ಮೂವತ್ತೆಂಟು ವರ್ಷದ ಹಿಂದಿನ ಮಾತು. ಬಲಗಡೆಯೇ ಇದ್ದಿರಬಹುದು. ನಾನು ತಪ್ಪು ಹೇಳಿರಬೇಕು. ತೇಪೆಯನ್ನು ಆ ಕಡೆಗೆ ಬದಲಾಯಿಸಿಬಿಡು, ಅವರಿಗೂ ಸಮಾಧಾನ, ನಿನಗೂ ಬಹುಮಾನ.

ಸಹಿ ಹಾಕಿದ ಕಾಗದ ಕಳಿಸುತ್ತಿಲ್ಲ. ತಪ್ಪು ತಿಳಿಯಬೇಡ.

ನಿನ್ನ ತಮ್ಮ


ಫೆಬ್ರವರಿ 26

ತಮ್ಮಾ,

ಇದು ನಿನ್ನ ಕಾಗದವೇ ಎಂದು ಲಕೋಟೆ ತಿರುಗಿಸಿ ತಿರುಗಿಸಿ ನೋಡಿದೆ. ಅಕ್ಷರ ನಿನ್ನದೇ. ಬೆನ್ನುಮೂಳೆ ಮಾತ್ರ ನಿನ್ನದಲ್ಲ.

'ಬಲಗಡೆಯೇ ಇದ್ದಿರಬಹುದು' ಅಂದರೇನೋ? ಹೋದ ವರ್ಷ ನೀನೇ ಬರೆದ ಕಾಗದ ನನ್ನ ಹತ್ತಿರ ಇದೆ. ಓದುತ್ತೇನೆ ಕೇಳು: 'ಏಣಿ ಗಾಡಿ ಹಿಂದಕ್ಕೆ ಬಂದು ಬಾಲದ ಹತ್ತಿರ ಎಡಗಡೆ ಬಡಿಯಿತು. ಆ ಪಕ್ಕದಲ್ಲಿ ಶೆಡ್ಡಿನ ಗೋಡೆ ಇದ್ದದ್ದರಿಂದ ನೆರಳು. ಮೂರು ದಿನವೂ ನನಗೆ ಬಿಸಿಲು ಬೀಳಲಿಲ್ಲ, ಬಲಗಡೆ ಕೆಲಸ ಮಾಡುತ್ತಿದ್ದವರು ಬೆಂದು ಹೋದರು, ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡರು.' ಇದನ್ನು ಬರೆದವನು ಯಾರು? ನೆರಳು ಕೂಡ ನೆನಪಿದ್ದವನಿಗೆ ಕಡೆ ನೆನಪಿಲ್ಲವೇ?

ನನಗೆ ಗೊತ್ತು ನಿನ್ನ ರೋಗ. ಕೊರಳಲ್ಲಿ ಟೈ, ಕೈಯಲ್ಲಿ ಪುಸ್ತಕ ಇದ್ದವರನ್ನು ಕಂಡರೆ ನಿನಗೆ ಮೊದಲಿನಿಂದಲೂ ತಲೆ ತಗ್ಗಿಸುವ ಚಾಳಿ. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ, ಸರಿ. ಕುಂಬಳಕಾಯಿಯನ್ನೇ ಕಾಣದ ನೀನು ಯಾಕೋ ಹೆಗಲು ಒರೆಸಿಕೊಳ್ಳುತ್ತಿದ್ದೀಯ? ಅವರು ಹಿಡಿದ ಮೊಲಕ್ಕೆ ಮೂರೇ ಕಾಲು; ಅದಕ್ಕಾಗಿ ನಿನ್ನ ಮೊಲದ ಒಂದು ಕಾಲು ನೀನೇ ಕತ್ತರಿಸಿ ಕೊಡುವುದೇ?

ತೇಪೆಯನ್ನು ನಾನು ಕೂದಲೆಳೆಯಷ್ಟೂ ಕದಲಿಸುವುದಿಲ್ಲ. ಬಹುಮಾನ ಯಾರಿಗೆ ಬೇಕಾಗಿತ್ತು! ಬಹುಮಾನ ಅಂದರೆ ಒಂದು ಪ್ಲಾಸ್ಟಿಕ್ ಕಪ್ಪು, ಅದರ ಅಂಟು ಹಾಕಿರುವ ರೀತಿ ನೋಡಿದರೆ ನನಗೇ ನಾಚಿಕೆ.

ಸಿಟ್ಟಿನಲ್ಲಿ ಕೇಳುವುದೇ ಮರೆತೆ. ನಿನ್ನ ತರಬೇತಿ ಶಾಲೆಯ ಪಾಠ ಹೇಗೆ ನಡೆದಿದೆ? ವಾರಕ್ಕೆರಡು ದಿನ ಎಂದಿದ್ದೆ. ಈ ಸಲದವರಿಗೆ ರಿವೆಟ್ ಹೊಡೆಯುವುದು ಬಂತೋ, ಇಲ್ಲ ಹೋದ ಸಲದ ಹಾಗೆ ಬೆರಳು ಹೊಡೆದುಕೊಳ್ಳುತ್ತಿದ್ದಾರೋ?

ಅಕ್ಕ


ಮಾರ್ಚ್ 15

ತಮ್ಮಾ,

ಹದಿನೇಳು ದಿನವಾಯಿತು. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ, ಇಲ್ಲ ಎಂದು.

ಬೆನ್ನುಮೂಳೆಯ ಮಾತು ಜಾಸ್ತಿಯಾಯಿತೇನೋ. ನನ್ನ ಬಾಯಿ ನಿನಗೆ ಹೊಸದಲ್ಲ. ಕತ್ತರಿ ಹಿಡಿದವರ ನಾಲಿಗೆಯೂ ಕತ್ತರಿಯೇ ಆಗುತ್ತದೆ ಎಂದು ಅಮ್ಮ ಹೇಳುತ್ತಿರಲಿಲ್ಲವೇ. ಬೈಯಬೇಕೆನಿಸಿದರೆ ಬೈದು ಬರಿ. ಸುಮ್ಮನಿರಬೇಡ. ನಿನ್ನ ಮೌನ ನನಗೆ ಅರ್ಥವಾಗುವುದಿಲ್ಲ. ನೀನು ಚಿಕ್ಕವನಿದ್ದಾಗಲೂ ಆಗುತ್ತಿರಲಿಲ್ಲ.

ಅಕ್ಕ


ಮಾರ್ಚ್ 19

ಅತ್ತೆ,

ನಾನು ಬರೆಯುತ್ತಿದ್ದೇನೆಂದು ಅಪ್ಪನಿಗೆ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ. ನಿಮ್ಮ ಎರಡೂ ಕಾಗದ ಅಪ್ಪನ ಮೇಜಿನ ಮೇಲಿದ್ದವು. ಓದಿದೆ. ಬೈಯಿರಿ, ಪರವಾಗಿಲ್ಲ.

ಅಪ್ಪ ನಿಮಗೆ ಹೇಳಿಲ್ಲ. ಫೆಬ್ರವರಿ ಮೊದಲ ವಾರ ಪಾಠದ ನಡುವೆ, ರಿವೆಟ್ಟಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ತುಂಡಿದೆಯಲ್ಲ, ಜೀವನಪೂರ್ತಿ ಕೈಯಲ್ಲಿ ಹಿಡಿದದ್ದು, ಅದರ ಹೆಸರು ಅಪ್ಪನಿಗೆ ಬಾಯಿಗೆ ಬರಲಿಲ್ಲವಂತೆ. ಅದನ್ನೇ ಎತ್ತಿ ಹಿಡಿದು ಸುಮ್ಮನೆ ನಿಂತುಬಿಟ್ಟರಂತೆ. ಯಾರೂ ನಗಲಿಲ್ಲ, ಒಬ್ಬರು ಹೆಸರು ಹೇಳಿಕೊಟ್ಟರು, ಅಷ್ಟೇ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ಪರೀಕ್ಷೆ ಮಾಡಿ, "ಈ ವಯಸ್ಸಿಗೆ ಹೆಸರು ಜಾರೋದು ಸಹಜ, ನನಗೂ ಜಾರುತ್ತೆ" ಎಂದು ನಕ್ಕು ಕಳಿಸಿದರು. ಅಪ್ಪ ನಂಬಿದ ಹಾಗಿತ್ತು.

ಅದರ ಮುಂದಿನ ವಾರವೇ ನಿಮ್ಮ ಕಾಗದ ಬಂತು. ಓದಿದವರೇ ಒಳಗೆ ಹೋಗಿ ಗೋಡೆಯ ಮುಂದೆ ನಿಂತು ಎಡಗೈ ಎತ್ತಿದರು, ಬಲಗೈ ಎತ್ತಿದರು. ಮರುದಿನ ಹೋಗಿ ಪಾಠ ಬಿಡುತ್ತೇನೆಂದು ಬರೆದುಕೊಟ್ಟು ಬಂದರು. ನಾನು ಜಗಳ ಆಡಿದೆ. "ಎಡ ಯಾವುದು ಬಲ ಯಾವುದು ಗೊತ್ತಿಲ್ಲದವನು ವಿಮಾನಕ್ಕೆ ತೂತು ಕೊರೆಯೋದನ್ನ ಹೇಳಿಕೊಡಬಾರದಮ್ಮ. ಅದರಲ್ಲಿ ಜನ ಕೂರ್ತಾರೆ" ಅಂದರು. ಈಗ ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಾರೆ. ಉಪಕರಣದ ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂದಿದ್ದಾರೆ. ಶಾಲೆಯವರು ಇನ್ನೂ ಬೇರೆಯವರನ್ನು ನೇಮಿಸಿಲ್ಲ.

ಅಪ್ಪನಿಗೆ ಸಾಹೇಬರ ಹೆದರಿಕೆ ಅಲ್ಲ ಅತ್ತೆ. ತನ್ನ ತಲೆಯ ಹೆದರಿಕೆ.

ನಿಮ್ಮ ಸೊಸೆ


ಏಪ್ರಿಲ್ 2, ಸೋಮವಾರ

ತಮ್ಮಾ,

ನಿನ್ನ ಮಗಳು ನನಗೇನೂ ಬರೆದಿಲ್ಲ. ಅವಳನ್ನು ಬೈಯಬೇಡ.

ಈ ಕಾಗದ ಉದ್ದವಾಗುತ್ತದೆ, ಕನ್ನಡಕ ಹಾಕಿಕೊಂಡು ಕೂತು ಓದು. ಒಂದು ಸಾಲೂ ಬಿಡಬೇಡ.

ಹೋದ ವಾರ ಗ್ರಂಥಾಲಯಕ್ಕೆ ಹೋದೆ. ಭೂತಗನ್ನಡಿಯವರ ಪುಸ್ತಕ ಅಲ್ಲೇ ಕೂತು ಓದುವುದಾದರೆ ಕೊಡುತ್ತಾರೆ, ಮನೆಗೆ ಕೊಡುವುದಿಲ್ಲ. ಕೂತೆ. ನೂರ ಹನ್ನೆರಡನೆಯ ಪುಟ. ವಿಮಾನದ ಹಿಂಭಾಗ ಮಾತ್ರ ಕಾಣುತ್ತದೆ, ಬಣ್ಣ ಕೆರೆದ ಬರೀ ಮೈ, ಮೇಲೆ ಒಂದಕ್ಷರವಿಲ್ಲ, ಅಂಕಿಯಿಲ್ಲ. ತೇಪೆ ಸ್ಪಷ್ಟವಾಗಿದೆ. ಅದರ ಮುಂದೆ ಏಳು ಗಂಡಸರು ಸಾಲಾಗಿ ನಿಂತಿದ್ದಾರೆ. ಕೆಳಗೆ ಬರೆದದ್ದು: 'ವಿಮಾನದ ಬಲಬದಿ. ಮುಖ್ಯ ಎಂಜಿನಿಯರ್ ಮತ್ತು ಸಿಬ್ಬಂದಿ.' ಎಂಜಿನಿಯರರ ಹೆಸರಿದೆ. ಉಳಿದ ಆರು ಜನ ಸಿಬ್ಬಂದಿ. ಆರು ಜನ ಸೇರಿ ಒಂದೇ ಪದ!

ಆ ಪದದೊಳಗೆ, ಕೊನೆಯಿಂದ ಮೂರನೆಯವನು ನೀನು. ಮೀಸೆಯಲ್ಲಿ ಒಂದೂ ಬಿಳಿ ಕೂದಲಿಲ್ಲ. ಮೈಮೇಲೆ ನಾನು ಹೊಲಿದು ಕೊಟ್ಟ ಕೆಲಸದ ಶರ್ಟು. ನೆನಪಿದೆಯಾ, ನಿಮ್ಮ ಶೆಡ್ಡಿನವರ ಶರ್ಟುಗಳ ಕೆಲಸ ಪೂರ್ತಿ ನನಗೇ ಸಿಕ್ಕಿತ್ತು, ನನ್ನ ಅಂಗಡಿಯ ಮೊದಲ ದೊಡ್ಡ ಕೆಲಸ. ಒಂದು ತಿಂಗಳು ಕಾಲು ಊದುವಷ್ಟು ಯಂತ್ರ ತುಳಿದಿದ್ದೆ.

ಮೊದಲು ನಿನ್ನ ಮುಖ ನೋಡುತ್ತ ಕೂತೆ. ಆಮೇಲೆ ಶರ್ಟು ನೋಡಿದೆ. ನೋಡಿದವಳಿಗೆ ಮೈಯೆಲ್ಲ ಉರಿಯಿತು. ಇದು ನಾನು ಹೊಲಿದದ್ದಲ್ಲ! ಯಾರೋ ಕಸುಬು ಬಾರದವರು ಹೊಲಿದದ್ದು ಅನಿಸಿತು. ಜೇಬು ಬಲ ಎದೆಯ ಮೇಲಿದೆ. ಗುಂಡಿಪಟ್ಟಿ ಬಲದ್ದು ಎಡದ ಮೇಲೆ ಬಂದಿದೆ, ಹೆಂಗಸರ ಶರ್ಟಿನ ಹಾಗೆ. ಪಕ್ಕದವನನ್ನು ನೋಡಿದೆ, ಅವನದೂ ಹಾಗೇ. ಏಳು ಜನರದೂ ಹಾಗೇ. ಎಂಜಿನಿಯರ್ ಸಾಹೇಬರ ಕೈಗಡಿಯಾರ ಕೂಡ ಬಲಗೈಗೆ ಬಂದು ಕೂತಿದೆ.

ನಾನು ಗ್ರಂಥಾಲಯದಲ್ಲಿ ಜೋರಾಗಿ "ಅಯ್ಯೋ ಮುಠ್ಠಾಳರಾ!" ಎಂದುಬಿಟ್ಟೆ. ಪುಸ್ತಕ ಕೊಡುವಾಕೆ ಹೊರಗೆ ಹೋಗಿ ಎಂದಳು. ಹೋಗುವುದಿಲ್ಲ ಎಂದೆ.

ಫೋಟೋವನ್ನೇ ಮಗುಚಿ ಅಚ್ಚು ಹಾಕಿದ್ದಾರೆ ಕಣೋ. ಫಿಲ್ಮನ್ನು ತಿರುವಿ ಇಟ್ಟು ತೆಗೆದ ಪ್ರತಿ. ಎಡದ್ದು ಬಲವಾಗಿದೆ, ಬಲದ್ದು ಎಡವಾಗಿದೆ. ಮೈಮೇಲೆ ಅಕ್ಷರ ಇದ್ದಿದ್ದರೆ ಉಲ್ಟಾ ಕಂಡು ಯಾರಾದರೂ ಹಿಡಿಯುತ್ತಿದ್ದರು. ಬಣ್ಣ ಕೆರೆದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ವರ್ಷ ಅದನ್ನು ನೋಡಿದವರೆಲ್ಲ ವಿಮಾನ ನೋಡಿದರು. ಮುಂದೆ ನಿಂತವರ ಶರ್ಟು ಯಾರು ನೋಡುತ್ತಾರೆ?

ನಿನ್ನೆ ಸಂಘದ ಸಭೆ. ಹೋದೆ. ಒಂದು ಕೈಯಲ್ಲಿ ವಿಮಾನದ ಪೆಟ್ಟಿಗೆ, ಇನ್ನೊಂದರಲ್ಲಿ ಒಂದು ಗಂಡಸರ ಶರ್ಟು. ಭೂತಗನ್ನಡಿಯವರು ವೇದಿಕೆಯ ಮೇಲೆ ಅಂಟಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಮುಗಿಯುವವರೆಗೆ ಕಾದೆ, ಅಷ್ಟು ಮರ್ಯಾದೆ ಇದೆ ನನಗೆ. ಆಮೇಲೆ ಎದ್ದೆ.

"ಸರ್, ನಿಮ್ಮ ಪುಸ್ತಕದ ನೂರ ಹನ್ನೆರಡನೇ ಪುಟ ತೆಗೀರಿ."

"ಟೈಲರಮ್ಮ, ಆ ವಿಷಯ ಆವತ್ತೇ ಮುಗೀತಲ್ಲ."

"ನಿಮಗೆ ಮುಗೀತು. ನನಗೆ ಈಗ ಶುರು. ತೆಗೀರಿ."

ತೆಗೆದರು. ಶರ್ಟನ್ನು ಅವರ ಮೇಜಿನ ಮೇಲೆ ಹರಡಿದೆ. ಜೇಬು ಯಾವ ಕಡೆ, ಪಟ್ಟಿ ಯಾವುದರ ಮೇಲೆ ಯಾವುದು, ತೋರಿಸಿದೆ. "ನಿಮ್ಮ ಶರ್ಟನ್ನೂ ನೋಡ್ಕೊಳ್ಳಿ" ಅಂದೆ. ಸಭೆಯಲ್ಲಿದ್ದ ಗಂಡಸರೆಲ್ಲ ಒಂದೇ ಸಲ ತಲೆ ಬಗ್ಗಿಸಿ ತಮ್ಮ ತಮ್ಮ ಎದೆ ನೋಡಿಕೊಂಡರು. ಆ ದೃಶ್ಯ ನೀನು ನೋಡಬೇಕಿತ್ತು.

"ಈಗ ಫೋಟೋ ನೋಡಿ. ಏಳು ಜನ ಗಂಡಸರು ಒಂದೇ ದಿನ ಹೆಂಡತಿಯರ ಶರ್ಟು ಹಾಕ್ಕೊಂಡು ಡ್ಯೂಟಿಗೆ ಬಂದಿದ್ರಾ ಸರ್?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭೂತಗನ್ನಡಿಯವರು ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಿವಿ ಕೆಂಪಾಯಿತು. ಆದರೂ ಬಿಡಲಿಲ್ಲ.

"ಹಾಗೂ ಇರಬಹುದು ನೋಡಿ. ಎಲ್ಲಾ ಒಂದೇ ಕಡೆ ಹೊಲಿಸಿದ ಯೂನಿಫಾರಂ. ಆ ಕಾಲದ ಯಾವನೋ ದರ್ಜಿ ತಿಳೀದೆ ಉಲ್ಟಾ ಹೊಲಿದಿರಬಹುದು."

ತಮ್ಮಾ, ನಾನು ಆ ಮಾತಿಗೇ ಕಾಯುತ್ತಿದ್ದೆನೇನೋ ಅನಿಸುತ್ತದೆ. ಒಬ್ಬ ಮೆಕ್ಯಾನಿಕ್ ಮರೆತಿರಬೇಕು, ಒಬ್ಬ ದರ್ಜಿ ತಪ್ಪಿರಬೇಕು. ಪುಸ್ತಕ ಮಾತ್ರ ತಪ್ಪಬಾರದು. ಕೈಯಲ್ಲಿ ಕೆಲಸ ಮಾಡಿದವರೆಲ್ಲ ಸುಳ್ಳರು, ಕೂತು ಬರೆದವರೊಬ್ಬರೇ ಸತ್ಯವಂತರು!

"ಆ ದರ್ಜಿ ನಾನೇ ಸರ್," ಅಂದೆ.

ಭೂತಗನ್ನಡಿ ಕೆಳಗಿಟ್ಟು ನನ್ನತ್ತ ತಿರುಗಿದರು.

"ಆ ಏಳು ಶರ್ಟೂ ಹೊಲಿದವಳು ನಾನು. ನಲವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ಶರ್ಟು ಉಲ್ಟಾ ಪಟ್ಟಿಯಲ್ಲಿ ಹೋಗಿದ್ರೆ ಈಗಲೇ ಹೇಳಿ, ಈ ವಿಮಾನ ಇಲ್ಲೇ ಮುರಿದು ಹಾಕ್ತೀನಿ. ಕೊನೆಯಿಂದ ಮೂರನೆಯವನು ನನ್ನ ತಮ್ಮ. ಆ ಜೇಬಿನ ಮೂಲೇಲಿ ಪೆನ್ಸಿಲ್ಲಿಗೆ ಅಂತ ಒಂದು ಸಣ್ಣ ಸಂದು ಬಿಟ್ಟಿದ್ದೆ, ಅವನೊಬ್ಬನಿಗೆ ಮಾತ್ರ. ನಿಮ್ಮ ಭೂತಗನ್ನಡಿಯಲ್ಲಿ ನೋಡಿ, ಪೆನ್ಸಿಲ್ ಕಾಣುತ್ತೆ. ಅವನು ಮರೆತಿಲ್ಲ ಸರ್. ಫೋಟೋ ಮರೆತಿದೆ."

ನೋಡಿದರು. ಪೆನ್ಸಿಲ್ ಇತ್ತು.

ಕುರ್ಚಿಯಲ್ಲಿ ಕೂತುಕೊಂಡರು. ಒಂದು ಲೋಟ ನೀರು ಕುಡಿದರು. "ಈ ಫೋಟೋ ನೋಡಿ ನಾನು ನಕ್ಷೆ ಬರೆದೆ, ಆ ನಕ್ಷೆ ನೋಡಿ ಇನ್ನೂ ನಾಲ್ಕು ಜನ ಬರೆದರು" ಅಂದರು, ಮೆಲ್ಲಗೆ. ನಿಜ ಹೇಳಬೇಕೆಂದರೆ ಆಗ ಸ್ವಲ್ಪ ಪಾಪ ಅನಿಸಿತು. ಸ್ವಲ್ಪವೇ. ಪ್ರದರ್ಶನದ ಪಟ್ಟಿ ತಿದ್ದುತ್ತೇವೆ, 'ಕಾಲ್ಪನಿಕ' ತೆಗೆಯುತ್ತೇವೆ, ನಿಮ್ಮ ಕ್ಷಮೆ ಕೇಳುತ್ತೇವೆ ಎಂದರು.

"ನನ್ನ ಕ್ಷಮೆ ಬೇಡ," ಅಂದೆ. "ಒಂದು ಕಾಗದದ ಮೇಲೆ ನನ್ನ ತಮ್ಮನಿಗೆ ಒಂದು ಪದ ಬರೆದು ಸಹಿ ಹಾಕಿ ಕೊಡಿ. ಸಾಕು."

ಬರೆದುಕೊಟ್ಟರು. ಈ ಲಕೋಟೆಯಲ್ಲೇ ಇದೆ, ತೆಗೆದು ನೋಡು. 'ಎಡಗಡೆ.' ಕೆಳಗೆ ಸಹಿ, ತಾರೀಖು. ವಿಮಾನದ ಒಂದು ಫೋಟೋವನ್ನೂ ಇಟ್ಟಿದ್ದೇನೆ, ಸಂಘದವರೇ ತೆಗೆದದ್ದು, ತೇಪೆ ಹತ್ತಿರದಿಂದ ಕಾಣುತ್ತದೆ. ಇದನ್ನು ಮಗುಚಿಲ್ಲ, ನಾನೇ ನಿಂತು ನೋಡಿದ್ದೇನೆ.

ಇನ್ನೊಂದು ಮಾತು. ನನಗೂ ಈಚೆಗೆ ಕಾಜ ಎಂಬ ಪದ ಅರ್ಧ ದಿನ ಬಾಯಿಗೆ ಬರಲಿಲ್ಲ. 'ಗುಂಡಿ ತೂರಿಸುವ ತೂತು' ಎಂದು ಹೇಳಿಕೊಂಡು ಓಡಾಡಿದೆ. ಹೆಸರು ಜಾರುತ್ತದೆ ಕಣೋ. ಕೈ ಜಾರುವುದಿಲ್ಲ. ಅದು ಯಾಕೆ ಈಗ ಬರೆದೆನೋ ಗೊತ್ತಿಲ್ಲ. ಯಾರೂ ನನಗೇನೂ ಹೇಳಿಲ್ಲ.

ಅಕ್ಕ


ಏಪ್ರಿಲ್ 10, ಮಂಗಳವಾರ

ಅಕ್ಕಾ,

ನನ್ನ ಮಗಳು ನಿನಗೆ ಬರೆದಿದ್ದಾಳೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ. ಇಬ್ಬರನ್ನೂ ಬೈಯಬೇಕೆಂದು ಮೂರು ದಿನ ಸಿಟ್ಟು ಕೂಡಿಸಿಕೊಂಡೆ, ನಿಲ್ಲಲಿಲ್ಲ.

ಆ ಒಂದು ಪದದ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಉಪಕರಣದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಪೆಟ್ಟಿಗೆಯನ್ನು ಯಾರಿಗೂ ಕೊಡುತ್ತಿಲ್ಲ. ನಿನ್ನೆ ಶಾಲೆಗೆ ಹೋಗಿ ಬರೆದುಕೊಟ್ಟದ್ದನ್ನು ವಾಪಸ್ ಕೇಳಿದೆ. ಅಲ್ಲಿಯವರು ಅದನ್ನು ಮೇಲಕ್ಕೆ ಕಳಿಸಿಯೇ ಇರಲಿಲ್ಲ. "ನೀವು ಸಿಟ್ಟಲ್ಲಿ ಬರೆದಿರಬೇಕು ಅಂದ್ಕೊಂಡು ಡ್ರಾಯರಿನಲ್ಲಿ ಇಟ್ಟಿದ್ದೆ" ಅಂದರು. ಮುಂದಿನ ಮಂಗಳವಾರದಿಂದ ಪಾಠ. ಆ ಕಬ್ಬಿಣದ ತುಂಡಿನ ಮೇಲೆ ಅದರ ಹೆಸರನ್ನು ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ಯಾರಾದರೂ ನಕ್ಕರೆ ನಗಲಿ.

ಈಗ ನನ್ನ ತಕರಾರು. ಫೋಟೋವನ್ನು ಮಗಳ ಕೈಯಲ್ಲಿ ದೊಡ್ಡದು ಮಾಡಿಸಿ ನೋಡಿದೆ. ಮೇಲಿನ ಸಾಲು ಸರಿ. ಬದಿಗಳು ಸರಿ. ಕೆಳಗಿನ ಸಾಲಿನ ರಿವೆಟ್ಟುಗಳು ಯಾಕೆ ಸವೆದ ಹಾಗೆ ಮಂಕಾಗಿವೆ? ನೀನು ಹೀಗೆ ಅರೆಬರೆ ಮಾಡುವವಳಲ್ಲ. ನನ್ನ ಶೆಡ್ಡಿನಲ್ಲಾಗಿದ್ದರೆ ಕಿತ್ತು ಮತ್ತೆ ಮಾಡು ಎನ್ನುತ್ತಿದ್ದೆ.

ಇನ್ನೊಂದು, ಇದನ್ನು ಬರೆಯಲು ಮೂವತ್ತೆಂಟು ವರ್ಷ ಬೇಕಾಯಿತು. ಕೆಳಗಿನ ಸಾಲಿನಲ್ಲಿ ಹನ್ನೆರಡಲ್ಲ ಅಕ್ಕಾ, ಹದಿಮೂರು. ಎರಡನೆಯ ದಿನ ಮಧ್ಯಾಹ್ನ ಡ್ರಿಲ್ ಜಾರಿ ಒಂದು ತೂತು ಓರೆಯಾಯಿತು. ಯಾರಿಗೂ ಹೇಳದೆ ಅದರ ಪಕ್ಕದಲ್ಲೇ ಇನ್ನೊಂದು ಕೊರೆದು, ಎರಡಕ್ಕೂ ರಿವೆಟ್ ಹೊಡೆದು, ಮೇಲೆ ನುಣುಪು ಮಾಡಿಬಿಟ್ಟೆ. ತಪಾಸಣೆಯವರು ಬೆರಳು ಆಡಿಸಿ, "ಗಟ್ಟಿಯಾಗಿದೆ" ಎಂದು ಸಹಿ ಹಾಕಿದರು. ಗಟ್ಟಿಯಾಗಿಯೇ ಇತ್ತು. ಆದರೆ ನಿನಗೆ ಹೇಳುವಾಗ ನಾಚಿಕೆಯಾಗಿ ಹನ್ನೆರಡು ಎಂದೆ. ತಲೆ ಸರಿಯಿಲ್ಲವೆಂದುಕೊಂಡು ಕೂತಿದ್ದಾಗಲೂ ಆ ಹದಿಮೂರನೆಯದು ಮಾತ್ರ ಮರೆಯಲೇ ಇಲ್ಲ, ನೋಡು. ಮರೆಯಬೇಕೆಂದದ್ದು ಒಂದೂ ಮರೆಯುವುದಿಲ್ಲ.

ಭೂತಗನ್ನಡಿಯವರಿಗೆ ಹೇಳಬೇಡ.

ನಿನ್ನ ತಮ್ಮ


ಏಪ್ರಿಲ್ 17, ಮಂಗಳವಾರ

ತಮ್ಮಾ,

ಇವತ್ತು ನಿನ್ನ ಪಾಠ ಶುರು. ಈ ಕಾಗದ ತಲುಪುವಾಗ ಎರಡು ಪಾಠ ಮುಗಿದಿರುತ್ತವೆ.

ಹದಿಮೂರು! ಕಳ್ಳಾ. ನಿನ್ನ ಪರವಾಗಿ ಸಭೆಯಲ್ಲಿ ಗಂಟಲು ಹರಿದುಕೊಂಡು ಬಂದಿದ್ದೇನೆ, ಮೊದಲು ಬೈಯೋಣವೆಂದು ಪೆನ್ನು ಹಿಡಿದೆ. ಹಿಡಿದ ಮೇಲೆ ನನ್ನ ಹೆಗಲೂ ಒರೆಸಿಕೊಳ್ಳಬೇಕಾಗಿದೆ ಎಂದು ನೆನಪಾಯಿತು.

ಕೆಳಗಿನ ಸಾಲು ಯಾಕೆ ಮಂಕು ಎಂದು ಕೇಳಿದೆಯಲ್ಲ. ಮೂರು ಜನ ತೀರ್ಪುಗಾರರು, ಒಂದು ಭೂತಗನ್ನಡಿ, ಇಡೀ ಸಂಘ, ಯಾರೂ ಕಾಣಲಿಲ್ಲ. ಅಷ್ಟು ದೂರದಿಂದ ನೀನು ಕಂಡೆ. ನಾನೇ ಸವೆಸಿದ್ದು ಕಣೋ. 'ತಪ್ಪು ಹೇಳಿರಬೇಕು, ಬದಲಾಯಿಸಿಬಿಡು' ಎಂದು ನೀನು ಬರೆದದ್ದು ಕೈಗೆ ಬಂದ ದಿನ, ಕೂದಲೆಳೆಯಷ್ಟೂ ಕದಲಿಸುವುದಿಲ್ಲ ಎಂದು ನಿನಗೆ ಜಂಬದಿಂದ ಉತ್ತರ ಬರೆಯುವುದಕ್ಕೆ ಮುಂಚೆ, ಸ್ಯಾಂಡ್‌ಪೇಪರ್ ಹಿಡಿದು ಕೂತಿದ್ದೆ. ತೇಪೆಯನ್ನು ಉಜ್ಜಿ ತೆಗೆದು ಬಲಗಡೆ ಹಾಕೋಣವೆಂದು. ನಾನೂ ನಿನ್ನನ್ನು ನಂಬಲಿಲ್ಲ, ಅರ್ಧ ಗಂಟೆ. ಕೆಳಗಿನ ಸಾಲು ಸವೆದ ಮೇಲೆ ಕೈ ನಿಂತಿತು. ನೆರಳಿನ ಮಾತು ನೆನಪಾಗಿ ಎದ್ದು ಹೋಗಿ ನಿನ್ನ ಹಳೆಯ ಕಾಗದ ಹುಡುಕಿದೆ. ಆಮೇಲೆ ನನ್ನ ಮೇಲಿನ ಸಿಟ್ಟನ್ನೆಲ್ಲ ನಿನ್ನ ಮೇಲೆ ಸುರಿದು ಬೆನ್ನುಮೂಳೆ ಇಲ್ಲ ಎಂದು ಬರೆದೆ.

ಇಬ್ಬರಿಗೂ ಸಮವಾಯಿತು. ಇನ್ನು ಆ ಮಾತು ಬೇಡ.

ಹಳೆಯ ತೇಪೆಯನ್ನು ಇವತ್ತು ಬೆಳಿಗ್ಗೆ ಕಿತ್ತೆ. ಹೊಸ ತಗಡು ಕತ್ತರಿಸಿಯಾಗಿದೆ. ಮೇಲಿನ ಸಾಲು ಒತ್ತಿಯಾಯಿತು, ಬದಿಗಳೂ ಆದವು. ಕೆಳಗಿನದಕ್ಕೆ ಬಂದು ನಿಂತಿದ್ದೇನೆ. ಓರೆಯಾದದ್ದು ಎಷ್ಟನೆಯದು, ಬಾಲದ ಕಡೆಯಿಂದ ಎಣಿಸಿದರೆ? ಪಕ್ಕದ್ದು ಅದರ ಮುಂದೆಯೋ ಹಿಂದೆಯೋ? ಯಾವ ಪುಸ್ತಕದಲ್ಲೂ ಇಲ್ಲ, ಯಾರನ್ನೂ ಕೇಳುವ ಹಾಗಿಲ್ಲ. ನೀನೇ ಹೇಳಬೇಕು.

ಸೂಜಿ ಕೈಯಲ್ಲೇ ಇದೆ.

ಅಕ್ಕ